ನಡುರಾತ್ರಿ ಬಂದ ತಾತ್ರಿ

30 ಮಾರ್ಚ್ 2025, ಭಾನುವಾರ

ಮಲಯಾಳಂ ಲೇಖಕಿ ಲಲಿತಾಂಬಿಕಾ ಅಂತರ್ಜನಂ ಹುಟ್ಟಿದ್ದು ಇದೇ ತಾರೀಖು, 1909ರಲ್ಲಿ, ಕೊಲ್ಲಂ ಕಡೆಯ ಪುನಲೂರಿನ ಹತ್ತಿರ. ಹುಟ್ಟಿದ್ದು ಹೆಣ್ಣು ಅಂತ ತಿಳಿದಾಗ ಅವರಪ್ಪ, ಮದ್ರಾಸಿಗೆ ಹೋಗಿ ಕ್ರೈಸ್ತನಾಗಿಬಿಡ್ತೀನಿ ಅಂತ ಕೂಗಾಡಿದ್ದರಂತೆ. ಹೆಣ್ಣಾಯಿತಲ್ಲ ಎಂಬ ಬೇಸರವಲ್ಲ ಅದು. ನಂಬೂದಿರಿ, ಅಂದರೆ ಕೇರಳದ ಬ್ರಾಹ್ಮಣರ ಮನೆಯಲ್ಲಿ ಮಗಳನ್ನು ಕತ್ತಲಲ್ಲೇ ಬೆಳೆಸಬೇಕಲ್ಲ ಎಂಬ ಸಂಕಟ. ಹೋಗಲಿಲ್ಲ ಅನ್ನಿ. ಮನೆಯಲ್ಲೇ ಪಾಠ ಹೇಳಿಸಿದರು. ಆದರೆ ಮಗಳು ದೊಡ್ಡವಳಾದ ಮೇಲೆ ಒಳಗೆ ಕೂರಿಸಿದ್ದೂ ಅದೇ ಮನೆ.

ಆಗಿನ ನಂಬೂದಿರಿ ಹೆಂಗಸರು ಹೊರಗೆ ಕಾಲಿಟ್ಟರೆ ಮೈತುಂಬ ಬಟ್ಟೆ ಹೊದ್ದು, ಮುಖಕ್ಕೆ ಓಲೆಕೊಡೆ ಅಡ್ಡ ಹಿಡಿಯಬೇಕು. ಜೊತೆಗೆ ಒಬ್ಬ ಕೆಲಸದವಳು. ಮನೆಯ ಹಿರಿಮಗನಿಗೆ ಮಾತ್ರ ಸ್ವಜಾತಿಯಲ್ಲಿ ಮದುವೆ, ಅದೂ ಒಂದಲ್ಲ ಎರಡಲ್ಲ. ತಮ್ಮಂದಿರಿಗೆ ನಾಯರ್ ಹೆಂಗಸರ ಜೊತೆ ಸಂಬಂಧ. ಹಾಗಾಗಿ ಎಷ್ಟೋ ಹುಡುಗಿಯರು ಮುದುಕರಿಗೆ ಸವತಿಯಾಗಿ ಹೋದರು, ಇಲ್ಲವೇ ಮದುವೆಯೇ ಇಲ್ಲದೆ ಉಳಿದರು. ಲಲಿತಾಂಬಿಕಾ ಆ ಕೊಡೆ ಬಿಸಾಡಿ ಸಭೆಗೆ ಹೋದವರು.

ಅವರ 'ಪ್ರತಿಕಾರದೇವತೆ' ಕತೆಯನ್ನು ಇವತ್ತು ಮತ್ತೆ ಓದಿದೆ. 1938ರದ್ದು. ನಡುರಾತ್ರಿ ಒಬ್ಬ ಲೇಖಕಿ ಒಬ್ಬಳೇ ಕೂತಿದ್ದಾಳೆ. ಕಣ್ಣು ಎಳೆಯುತ್ತಿದೆ. ಆದರೆ ಈಗ ಕಾಗದ ಎತ್ತಿಟ್ಟರೆ ಮತ್ತೆ ಕೈಗೆ ಸಿಗುವುದು ನಾಳೆ ಇದೇ ಹೊತ್ತಿಗೆ. (ಇವತ್ತು ಯುಗಾದಿ. ಹೋಳಿಗೆ, ನೆಂಟರು, ಪಾತ್ರೆ ಎಲ್ಲ ಮುಗಿಸಿ ನಾನೂ ಈಗ ಕೂತಿದ್ದೇನೆ. ಏನು ಹೇಳಲಿ.) ಆಗ ಎದುರಿಗೆ ಬಂದು ನಿಲ್ಲುತ್ತಾಳೆ ತಾತ್ರಿ.

ತಾತ್ರಿ ನಿಜವಾಗಿ ಇದ್ದವಳು. ಕುರಿಯೇಡತ್ತ್ ಮನೆಯವಳು. 1905ರಲ್ಲಿ ಕೊಚ್ಚಿ ಸೀಮೆಯಲ್ಲಿ ಅವಳ ಮೇಲೆ ಸ್ಮಾರ್ತವಿಚಾರ ನಡೆಯಿತು. ನಡತೆ ಕೆಟ್ಟಳು ಅಂತ ಸಂಶಯ ಬಂದ ಹೆಂಗಸನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಿ ನಡೆಸುವ ವಿಚಾರಣೆ ಅದು. ಅವಳಿಗೆ ಹೆಸರಿಲ್ಲ, 'ಸಾಧನಂ' ಅನ್ನುತ್ತಿದ್ದರು. ವಸ್ತು! ತಾತ್ರಿ ಸುಮ್ನೆ ತಪ್ಪೊಪ್ಪಿಕೊಳ್ಳಲಿಲ್ಲ. ತನ್ನ ಜೊತೆ ಇದ್ದ ಒಬ್ಬೊಬ್ಬ ಗಂಡಸಿನ ಹೆಸರನ್ನೂ ಗುರುತು ಸಮೇತ ಹೇಳಿದಳು. 60ಕ್ಕೂ ಜಾಸ್ತಿ ಜನರಿಗೆ ಬಹಿಷ್ಕಾರ ಆಯಿತು.

ಕತೆಯಲ್ಲಿ ಇದನ್ನೆಲ್ಲ ಅವಳೇ ಹೇಳುತ್ತಾಳೆ. ಅವಳ ಗಂಡನೂ ಗುರುತು ಸಿಗದೆ ಅವಳ ಬಳಿ ಬರುತ್ತಾನೆ, ಇಂಥ ಹೆಣ್ಣನ್ನು ನೋಡಿಯೇ ಇಲ್ಲ ಅಂತ ಹೊಗಳುತ್ತಾನೆ. ಆಮೇಲೆ ಗುರುತು ಹತ್ತಿ ಚೀರುತ್ತಾನೆ. ಆ ಜಾಗ ಓದುವಾಗ ನನಗೆ ಪ್ರತಿ ಸಲ ಕೆಟ್ಟ ಖುಷಿ ಆಗುತ್ತದೆ.

ಆದರೆ ಲೇಖಕಿ ಚಪ್ಪಾಳೆ ತಟ್ಟುವುದಿಲ್ಲ. ಒಬ್ಬಳ ಸೇಡಿನಿಂದ ಉಳಿದ ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು ಅಂತ ತಾತ್ರಿಯನ್ನೇ ಕೇಳುತ್ತಾಳೆ. ನಾನು ಇಲ್ಲಿ ತಾತ್ರಿ ಕಡೆ. ಕೋಣೆಯಲ್ಲಿ ಕೂಡಿಹಾಕಿದವಳು ಸಂಘ ಕಟ್ಟಲು ಎಲ್ಲಿಗೆ ಹೋಗಬೇಕಿತ್ತು? ಅವಳ ಕೈಲಿದ್ದದ್ದು ಆ ಹೆಸರುಗಳು ಮಾತ್ರ.

ಲಲಿತಾಂಬಿಕಾಗೂ ಈ ಪ್ರಶ್ನೆ ಅಲ್ಲಿಗೇ ಮುಗಿದಿರಲಿಲ್ಲ ಅನ್ನಿಸುತ್ತದೆ. ಸುಮಾರು 40 ವರ್ಷ ಆದ ಮೇಲೆ, 1976ರಲ್ಲಿ, ಅವರ ಕಾದಂಬರಿ 'ಅಗ್ನಿಸಾಕ್ಷಿ' ಬಂತು. ಮರು ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ, ಮೊದಲ ವಯಲಾರ್ ಪ್ರಶಸ್ತಿಯೂ ಅದಕ್ಕೇ. ಅದರ ನಾಯಕಿ, ತೇದಿ ಎಂಬ ಹೆಸರಿನವಳು, ಸೇಡಿನ ದಾರಿ ಹಿಡಿಯುವುದಿಲ್ಲ. ಪೂಜೆಯಲ್ಲೇ ಮುಳುಗಿದ ಗಂಡನ ಮನೆ ಬಿಟ್ಟು ಚಳವಳಿಗೆ ಇಳಿಯುತ್ತಾಳೆ. ಲೇಖಕಿ ತಾತ್ರಿಗೆ ತೋರಿಸಬಹುದಾಗಿದ್ದ ದಾರಿಯೇ ಅದು, ಅಲ್ವಾ? ಆದರೂ ಕೊನೆಗೆ ಅವಳು ನಮಗೆ ಸಿಗುವುದು ಗಂಗೆಯ ದಡದಲ್ಲಿ, ಕಾವಿ ಉಟ್ಟ ಸನ್ಯಾಸಿನಿಯಾಗಿ, ಒಬ್ಬಳೇ. ಅಂದು ತಾತ್ರಿಯನ್ನು ಕೇಳಿದ ಪ್ರಶ್ನೆಯನ್ನೇ ಲಲಿತಾಂಬಿಕಾ ತೇದಿಯನ್ನೂ ಕೇಳುತ್ತಿದ್ದಾರೇನೋ ಅಂತ ನನ್ನ ಗುಮಾನಿ.