ಹೆಸರು ಬೇಡ ಎಂದ ನಿರ್ಮಾಪಕ

"ಅವರು ಬೇಡ ಅಂದ್ರು ಅತ್ತೆ. ನನ್ನನ್ನ ಯಾರೂ ಕೇಳಲೇ ಇಲ್ಲ."

ಅಣ್ಣನ ಮಗಳು ಸೋಮವಾರ ರಾತ್ರಿ ಹೇಳಿದ ಮಾತು, ಇನ್ನೂ ಕಿವಿಯಲ್ಲೇ ಇದೆ. ಅವಳು ಎಡಿಟಿಂಗ್ ಅಸಿಸ್ಟೆಂಟ್. ತಿಂಗಳುಗಟ್ಟಲೆ ನಿದ್ದೆಗೆಟ್ಟು ಕೆಲಸ ಮಾಡಿದ ಸಿನಿಮಾ ಶುಕ್ರವಾರ ತೆರೆಕಂಡಿತು. ಟೈಟಲ್ ಕಾರ್ಡಿನಲ್ಲಿ ಅವಳ ಹೆಸರೇ ಇಲ್ಲ. ಸಮಾಧಾನಕ್ಕೆಂದು, ತೆರೆಯ ಮೇಲೆ ತನ್ನ ಹೆಸರೇ ಬೇಡ ಎಂದ ಹಾಲಿವುಡ್ ನಿರ್ಮಾಪಕ, ನನಗಿಷ್ಟವಾದ ಅರ್ವಿಂಗ್ ಥಾಲ್‌ಬರ್ಗ್ ಕಥೆ ಹೇಳಿದ್ದೆ. ಅದಕ್ಕೆ ಅವಳು ಕೊಟ್ಟ ಉತ್ತರವೇ ಆ ಮಾತು.

1899ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಹುಟ್ಟಿನಿಂದಲೇ ಹೃದಯದ ತೊಂದರೆ. ಮೂವತ್ತು ದಾಟುವುದು ಕಷ್ಟ ಎಂದಿದ್ದರು ಡಾಕ್ಟರರು. ಮೀಸೆ ಚಿಗುರುವ ವಯಸ್ಸಿಗೇ ಯೂನಿವರ್ಸಲ್ ಸ್ಟುಡಿಯೋ ನಡೆಸಿದರು. 1924ರಲ್ಲಿ ಎಂಜಿಎಂ ಸ್ಟುಡಿಯೋ ಶುರುವಾದಾಗ ಚಿತ್ರ ತಯಾರಿಕೆಯೆಲ್ಲ ಅವರ ಕೈಗೆ ಬಂತು. ಬಿಡುಗಡೆಗೆ ಮೊದಲೇ ಸಿನಿಮಾ ತೋರಿಸಿ, ಜನ ಎಲ್ಲಿ ಬೇಸರಪಟ್ಟರು ಅಂತ ನೋಡಿ, ಆ ಭಾಗ ಮತ್ತೆ ಶೂಟ್ ಮಾಡಿಸುತ್ತಿದ್ದರು. ಮಾರ್ಕ್ಸ್ ಸಹೋದರರ 'ಎ ನೈಟ್ ಅಟ್ ದಿ ಆಪೆರಾ' ಚಿತ್ರದ ಹಾಸ್ಯ ದೃಶ್ಯಗಳನ್ನಂತೂ ಶೂಟಿಂಗ್‌ಗೆ ಮೊದಲು ಊರೂರಿನ ರಂಗದ ಮೇಲೆ ಆಡಿಸಿ, ನಗು ಎಲ್ಲಿ ಬರುತ್ತದೆ ಅಂತ ಪರೀಕ್ಷಿಸಿದರು. ಇಷ್ಟಾದರೂ ತೆರೆಯ ಮೇಲೆ ಹೆಸರು ಹಾಕಿಸಿಕೊಳ್ಳಲಿಲ್ಲ.

1936ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡರು. ಮರುವರ್ಷ ಬಂದ 'ದಿ ಗುಡ್ ಅರ್ಥ್' ಚಿತ್ರವನ್ನು ಅವರ ನೆನಪಿಗೆ ಅರ್ಪಿಸಿದರು. ಇದು ಅವರ ಕೊನೆಯ ದೊಡ್ಡ ಸಾಧನೆ ಅಂತ ಆ ಚಿತ್ರದ ಅರ್ಪಣೆಯ ಕಾರ್ಡಿನಲ್ಲಿದೆ. ನಾನು ಅಲ್ಲಿ ವೀಡಿಯೊ ನಿಲ್ಲಿಸಿ ನೋಡುತ್ತಾ ಕೂತಿದ್ದುಂಟು.

ಬೇಡ ಅಂದ್ರು. ಕೇಳಲೇ ಇಲ್ಲ. ಈ ಎರಡು ಮಾತುಗಳ ನಡುವೆ ಎಷ್ಟು ದೂರ! ಥಾಲ್‌ಬರ್ಗ್ ಯಾರು ಅಂತ ಇಡೀ ಹಾಲಿವುಡ್‌ಗೆ ಗೊತ್ತಿತ್ತು. ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ಅವರಿಗೇನೂ ನಷ್ಟವಿರಲಿಲ್ಲ. ಅದೇ ಥಾಲ್‌ಬರ್ಗ್ ಒಂದೇ ಚಿತ್ರಕಥೆಗೆ ಒಬ್ಬರಾದ ಮೇಲೊಬ್ಬರಂತೆ ಬರಹಗಾರರನ್ನು ಹಚ್ಚುತ್ತಿದ್ದರು. ಆ ಬರಹಗಾರರು ಸಂಘ ಕಟ್ಟಿ, ತಮ್ಮ ಹೆಸರಿನ ಹಕ್ಕಿಗೂ ಹೋರಾಡಿದಾಗ, ಆ ಸಂಘವನ್ನು ಬಲವಾಗಿ ವಿರೋಧಿಸಿದವರಲ್ಲಿ ಅವರೂ ಒಬ್ಬರು. ಅವರ ಮೇಲೆ ನನಗೆ ಪ್ರೀತಿ ಹೋಗಿಲ್ಲ. ಆದರೆ ಇದನ್ನು ಒಪ್ಪಲು ಆಗುವುದಿಲ್ಲ.

ದೊಡ್ಡವರು ಹೆಸರು ಬಿಟ್ಟುಕೊಟ್ಟರೆ ದೊಡ್ಡತನ ಅನ್ನುತ್ತೇವೆ. ಈ ಹುಡುಗಿಗೆ ಅದು ಮುಂದಿನ ಕೆಲಸದ ಪ್ರಶ್ನೆ. "ಯಾವ ಸಿನಿಮಾ ಮಾಡಿದ್ದೀಯ?" ಅಂತ ಕೇಳಿದರೆ ಏನು ತೋರಿಸಬೇಕು? "ಓಟಿಟಿಗೆ ಬರುವಾಗ ಸೇರಿಸ್ತೀವಿ ಬಿಡಮ್ಮ" ಅಂದರಂತೆ ಮ್ಯಾನೇಜರ್. ಒಳ್ಳೆಯ ಮನುಷ್ಯರೇ ಇರಬಹುದು. ಆದರೂ ಬಾಯಿಮಾತು ಬೇಡ, ಈ ವಾರವೇ ಬರೆಸಿಕೊಂಡು ಬಾ ಅಂತ ಹೇಳಿದ್ದೇನೆ.