ಮುಂದಿನ ವರ್ಷವೂ ನೀವೇ ಬರ್ತೀರಾ, ಮೇಡಂ?

ಹೋದ ತಿಂಗಳು ಒಂದು ರಾತ್ರಿ ಒಂಬತ್ತರ ಹೊತ್ತಿಗೆ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಆಲೂಗಡ್ಡೆ ಹೊಲದ ಬದುವಿನಲ್ಲಿ ಅರ್ಧ ಹೂತುಹೋದ ಕಲ್ಲು. ಮೈಮೇಲೆಲ್ಲ ಪಾಚಿ. ಕೆಳಗೆ ಎರಡೇ ಸಾಲು: 'ಮೇಡಂ, ಇದು ವೀರಗಲ್ಲೇ ಅಲ್ವಾ? ನಮ್ಮ ಬುಕ್ಕಿಗೆ ಸೇರಿಸ್ಬೇಕಿತ್ತು.'

ಕಳಿಸಿದ ಹುಡುಗ ಈಗ ಹಾಸನದ ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುತ್ತಾನೆ. ಬಿ.ಎ. ಮೊದಲ ವರ್ಷದಲ್ಲಿ ನನ್ನ ಇತಿಹಾಸದ ಕ್ಲಾಸಿನಲ್ಲಿದ್ದ. ಅವನು ಎರಡನೇ ವರ್ಷಕ್ಕೆ ಬಂದಾಗ ನಾನು ಆ ಕಾಲೇಜಿನಲ್ಲಿ ಇರಲಿಲ್ಲ. ಅವನು ಹೇಳಿದ ಬುಕ್ಕು ಈಗ ಎಲ್ಲಿದೆಯೋ, ನನಗೂ ಗೊತ್ತಿಲ್ಲ.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿ. 2011ರಿಂದ ಪಾಠ ಮಾಡುತ್ತಿದ್ದೇನೆ. ಇಷ್ಟರಲ್ಲಿ ಐದು ಕಾಲೇಜು ಆದವು. ಉಪನ್ಯಾಸಕರಾಗಲು ರಾಜ್ಯ ನಡೆಸುವ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾಗಿದೆ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದಾಗ ನಾನೂ ಹಾಕಿದ್ದೆ. ಸ್ವಲ್ಪದರಲ್ಲಿ ತಪ್ಪಿಹೋಯಿತು. ಅದು ನನ್ನ ಸ್ವಂತದ ನೋವು. ಇವತ್ತು ಬರೆಯಬೇಕಾಗಿರುವುದು ಆ ಬುಕ್ಕಿನ ಬಗ್ಗೆ.

2022ರ ಕೊನೆ ಇರಬೇಕು. ಹೊಯ್ಸಳರ ಪಾಠ ನಡೆಯುತ್ತಿತ್ತು. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. 'ನಮ್ಮೂರ ಕೆರೆ ಏರಿ ಮೇಲೆ ಒಂದು ಕಲ್ಲಿದೆ ಮೇಡಂ. ಹಬ್ಬದಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ತೀವಿ. ಅದೂ ಹೊಯ್ಸಳರದಾ?' ನೋಡದೆ ಏನು ಹೇಳಲಿ? ಶನಿವಾರ ಕ್ಲಾಸು ಮುಗಿದ ಮೇಲೆ ಹನ್ನೊಂದು ಜನ ಬಸ್ಸು ಹತ್ತಿ ಹೋದೆವು.

ಅದು ಮೂರು ಅಂತಸ್ತಿನ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ. ಬಿಲ್ಲು ಹಿಡಿದವನು, ಅವನ ಹಿಂದೆ ದನಗಳು. ಅಂದರೆ ತುರುಗೋಳು, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ನಡೆದ ಜಗಳ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ. ನಾನು ಒಂದೊಂದೇ ಪಟ್ಟಿ ತೋರಿಸಿ ಹೇಳುತ್ತಾ ಹೋದ ಹಾಗೆ ಆ ಹುಡುಗಿ ಮೆಲ್ಲಗೆ ಅಂದಳು: 'ಹಾಗಾದ್ರೆ ಇವನು ನಮ್ಮೂರ ದನ ಕಾಯೋಕೆ ಹೋಗಿ ಸತ್ತವನು.' ಹದಿನಾಲ್ಕು ವರ್ಷದಲ್ಲಿ ನನಗೆ ಇಷ್ಟು ಖುಷಿ ಕೊಟ್ಟ ವಾಕ್ಯ ಇನ್ನೊಂದಿಲ್ಲ. ಪುಸ್ತಕದಲ್ಲಿದ್ದ ಇತಿಹಾಸ ಅವಳ ಊರಿನ ಕೆರೆ ಏರಿ ಮೇಲೆ ಬಂದು ನಿಂತಿತ್ತು.

ಅವತ್ತೇ ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ತಂದೆವು. ಊರಿನ ಹೆಸರು, ಕಲ್ಲು ಇರುವ ಜಾಗ, ಎಷ್ಟು ಗೇಣು ಎತ್ತರ, ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಚಿತ್ರ. ಬೇಸಿಗೆ ಬರುವಷ್ಟರಲ್ಲಿ ಹತ್ತೊಂಬತ್ತು ಊರುಗಳ ಮೂವತ್ತೇಳು ಕಲ್ಲುಗಳಾದವು. ಕೆಲವು ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸರ ನೆನಪಿಗೆ ನಿಲ್ಲಿಸಿದವು, ಜಾಸ್ತಿ ವೀರಗಲ್ಲು. 1902ರಲ್ಲಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಒಂದೊಂದನ್ನೂ ಹುಡುಕಿದೆವು. ಬಹಳಷ್ಟು ಸಿಗಲಿಲ್ಲ. ಅದು ಶಾಸನಗಳ ಪುಸ್ತಕ, ಅಕ್ಷರ ಇಲ್ಲದ ಕಲ್ಲಿಗೆ ಅಲ್ಲಿ ಜಾಗ ಇಲ್ಲ. ಆ ಕಲ್ಲುಗಳನ್ನು ಬರೆದಿಟ್ಟವರು ನಮ್ಮ ಮಕ್ಕಳು ಮಾತ್ರ. ಹೆಚ್ಚಿನವರ ಅಪ್ಪ ಅಮ್ಮ ಕೂಲಿಗೆ ಹೋಗುವವರು. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವವರು.

ವರ್ಷ ಮುಗಿಯುವಾಗ ಆ ಹುಡುಗಿ ಕೇಳಿದಳು. 'ಮುಂದಿನ ವರ್ಷವೂ ನೀವೇ ಬರ್ತೀರಾ, ಮೇಡಂ?' ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ನೋಡೋಣಮ್ಮ ಎನ್ನುತ್ತೇನೆ. ಬೇರೆ ಏನು ಹೇಳುವುದಕ್ಕೂ ನನ್ನ ಕೈಯಲ್ಲಿ ಇಲ್ಲ.

ಗೊತ್ತಿಲ್ಲದವರಿಗೆ ನಮ್ಮ ಕೆಲಸದ ರೀತಿ ಹೇಳುತ್ತೇನೆ. ಕಾಯಂ ಉಪನ್ಯಾಸಕರಿಗೆ ಕೊಟ್ಟು ಉಳಿದ ಕ್ಲಾಸುಗಳು ಎಷ್ಟು ಎಂದು ಪ್ರತಿ ಕಾಲೇಜೂ ಲೆಕ್ಕ ಹಾಕುತ್ತದೆ. ಅದಕ್ಕೆ ವರ್ಕ್‌ಲೋಡ್ ಎನ್ನುತ್ತಾರೆ. ಅದರ ಮೇಲೆ ನಮ್ಮನ್ನು ತೆಗೆದುಕೊಳ್ಳುತ್ತಾರೆ, ಆ ವರ್ಷಕ್ಕೆ ಮಾತ್ರ. ಒಬ್ಬ ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ, ಇಲ್ಲವೇ ಇತಿಹಾಸಕ್ಕೆ ಸೇರುವ ಮಕ್ಕಳು ಕಡಿಮೆಯಾದರೆ, ನಮ್ಮ ಜಾಗ ಹೋಯಿತು. ಆಮೇಲೆ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಸಿಕ್ಕಿದ ಕಾಲೇಜು. 2023ರಲ್ಲಿ ನನಗೆ ಆಗಿದ್ದು ಅದೇ. ಕಾಯಂ ಮೇಷ್ಟ್ರೊಬ್ಬರು ಬಂದರು, ನಾನು ನಲವತ್ತು ಕಿಲೋಮೀಟರ್ ಆಚೆಗೆ ಹೋದೆ. ಅವರು ಒಳ್ಳೆಯವರು. ಬುಕ್ಕನ್ನು ವಿಭಾಗದ ಬೀರುವಿನಲ್ಲಿಟ್ಟು ಅವರಿಗೆ ಹೇಳಿ ಬಂದಿದ್ದೆ. ಮರುವರ್ಷ ಅವರಿಗೂ ವರ್ಗವಾಯಿತು. ಆ ರೂಮು ಪರೀಕ್ಷೆ ಕೆಲಸಕ್ಕೆ ಹೋಯಿತು. ಬೀರು ಎಲ್ಲಿಗೆ ಹೋಯಿತು ಎಂದು ಹೇಳುವವರು ಅಲ್ಲಿ ಯಾರೂ ಉಳಿದಿಲ್ಲ. ಫೋನ್ ಮಾಡಿ ಕೇಳಿದರೆ ಎತ್ತಿದವರಿಗೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ.

ಸಂಬಳದ ಮಾತನ್ನೂ ನೇರವಾಗಿ ಹೇಳಬೇಕು. 2022ರ ಜನವರಿಗೆ ಮುಂಚೆ ನಮಗೆ ತಿಂಗಳಿಗೆ 11,000 ಇಲ್ಲವೇ 13,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ಮುಷ್ಕರ ನಡೆದು, ಅದು 26,000ದಿಂದ 32,000ದವರೆಗೆ ಏರಿತು. ನನ್ನ ಮನೆಯಲ್ಲಿ ಅವತ್ತು ಹೋಳಿಗೆ ಮಾಡಿದ್ದೆವು. ಆದರೆ ಅದೇ ಆದೇಶದಲ್ಲಿ ವಾರಕ್ಕೆ ಎಂಟು ಹತ್ತು ಗಂಟೆ ಇದ್ದ ಪಾಠ 15 ಗಂಟೆಯಾಯಿತು. ಕ್ಲಾಸುಗಳು ಇರುವಷ್ಟೇ, ಒಬ್ಬೊಬ್ಬರ ಪಾಲು ದೊಡ್ಡದಾಯಿತು. ಆದ್ದರಿಂದ ಜನ ಕಡಿಮೆ ಸಾಕಾಯಿತು. ನನ್ನ ಜೊತೆ ಎಂಟು ವರ್ಷ ಒಂದೇ ಟೇಬಲ್ಲಿನಲ್ಲಿ ಊಟ ಮಾಡಿದ ಗೆಳತಿಗೆ ಆ ವರ್ಷ ಎಲ್ಲೂ ಸಿಗಲಿಲ್ಲ. ಈಗ ಊರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಅವಳ ಹಾಗೆ ಅರ್ಥಶಾಸ್ತ್ರ ಪಾಠ ಮಾಡುವವರನ್ನು ನಾನು ಆಮೇಲೆ ನೋಡಿಲ್ಲ. ಸಂತೆಯ ಟೊಮೆಟೊ ಬೆಲೆಯಿಂದ ಶುರು ಮಾಡುತ್ತಿದ್ದಳು. 2023ರ ಕೊನೆಗೆ ಇನ್ನೊಂದು ಮುಷ್ಕರ ಆಗಿ ಗೌರವಧನ ಇನ್ನಷ್ಟು ಹೆಚ್ಚಿತು. ಬೇಡ ಎನ್ನುವುದಿಲ್ಲ. ಅದರಿಂದಲೇ ನನ್ನ ಮಗಳ ಫೀಸು ಕಟ್ಟುತ್ತಿದ್ದೇನೆ.

ಇದರ ನಡುವೆ ಮಕ್ಕಳಿಗೆ ಏನಾಗುತ್ತದೆ ನೋಡಿ. ತರಗತಿ ಶುರುವಾಗಿ ಎಷ್ಟೋ ವಾರ ಆದ ಮೇಲೆ ನಮ್ಮ ಆಯ್ಕೆ ಮುಗಿಯುತ್ತದೆ. ಒಂದು ವರ್ಷ ನಾನು ಸೇರಿದ್ದು ಏಳನೇ ವಾರ. ಸೆಮಿಸ್ಟರ್ ಇರುವುದೇ ಹದಿನಾರು ವಾರ. ಅಷ್ಟು ದಿನ ಮಕ್ಕಳು ಬೆಳಿಗ್ಗೆ ಬಸ್ಸಿಗೆ ಬಂದು, ಒಂದೋ ಎರಡೋ ಕ್ಲಾಸು ಕೇಳಿ, ಮರದ ಕೆಳಗೆ ಕೂತು, ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಅದು ಎಷ್ಟು ದೊಡ್ಡ ವಿಷಯ ಎಂದು ಹಳ್ಳಿಯಿಂದ ಓದಲು ಹೋದವರಿಗೆ ಗೊತ್ತು. ಆದರೆ ಬಸ್ಸಿಳಿದು ಬಂದ ಹುಡುಗಿಗೆ ಕ್ಲಾಸಿನಲ್ಲಿ ಮೇಷ್ಟ್ರು ಇರಬೇಕಲ್ವಾ? ಎರಡು ವಾರ ಸುಮ್ನೆ ಹೋಗಿ ಬಂದರೆ ಮನೆಯಲ್ಲಿ 'ಇವಳು ಕಾಲೇಜಿಗೆ ಹೋಗಿ ಮಾಡೋದಾದ್ರೂ ಏನು' ಎಂಬ ಮಾತು ಬರುತ್ತದೆ. ಆಮೇಲೆ ಮದುವೆಯ ಮಾತು. ಹಾಗೆ ನಿಂತುಹೋದ ಮೂವರ ಹೆಸರು ನನ್ನ ಹಳೇ ಹಾಜರಿ ಪುಸ್ತಕದಲ್ಲಿ ಇನ್ನೂ ಇದೆ.

ಸಿಲೆಬಸ್ಸೂ ನಿಂತ ನೀರಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಡಿಗ್ರಿ ನಾಲ್ಕು ವರ್ಷದ್ದಾಯಿತು. 2024-25ರಿಂದ ಮತ್ತೆ ಮೂರು ವರ್ಷ. ಹೋದ ವರ್ಷ ನಾನು ಮೊದಲ ವರ್ಷದವರಿಗೆ ಒಂದು, ಹಿರಿಯರಿಗೆ ಇನ್ನೊಂದು, ಹಳೇ ಪೇಪರ್ ಉಳಿಸಿಕೊಂಡವರಿಗೆ ಮತ್ತೊಂದು ಪಟ್ಟಿ ಇಟ್ಟುಕೊಂಡು ಓಡಾಡಿದೆ. 2023ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹಾಸನದ ಹೇಮಗಂಗೋತ್ರಿಯೇ ಹೊಸ ವಿಶ್ವವಿದ್ಯಾಲಯವಾಯಿತು. 'ಮಾರ್ಕ್ಸ್ ಕಾರ್ಡಿನ ಮೇಲೆ ಮೈಸೂರು ಯೂನಿವರ್ಸಿಟಿ ಅಂತ ಬರಲ್ವಾ ಮೇಡಂ?' ಎಂದು ಮಕ್ಕಳು ಸಪ್ಪೆ ಮುಖ ಮಾಡಿದರು. 1916ರಿಂದ ಇರುವ ಹೆಸರು ಅದು, ಸಹಜ. ನಿಮ್ಮ ಜಿಲ್ಲೆಯದ್ದೇ, ನೀವೇ ಅದಕ್ಕೆ ಹೆಸರು ತರಬೇಕು ಎಂದು ಸಮಾಧಾನ ಮಾಡಿದ್ದೆ. 2025ರ ಫೆಬ್ರುವರಿಯಲ್ಲಿ ಅದನ್ನೂ ಸೇರಿಸಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಅದೇ ಮಕ್ಕಳ ಮುಂದೆ ನಿಲ್ಲುವುದು ಕಷ್ಟವಾಯಿತು.

ನನ್ನ ಚಿಕ್ಕಪ್ಪನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವಳಿಗೆ ಒಳ್ಳೆಯ ಕಾಯಂ ಕೆಲಸ ಎಂದೇ ನಾನು ಅಂದುಕೊಂಡಿದ್ದೆ. 'ಇಲ್ಲ ಅಕ್ಕಾ, ನಾನೂ ನಿನ್ನ ಹಾಗೇ. ಇಲ್ಲಿ ಅಡ್ಜಂಕ್ಟ್ ಅಂತಾರೆ' ಎಂದಳು. ಒಂದೊಂದು ಕೋರ್ಸಿಗೆ ಇಷ್ಟು ಎಂದು ದುಡ್ಡು. ಮುಂದಿನ ಸೆಮಿಸ್ಟರ್ ಕೋರ್ಸು ಕೊಡುತ್ತಾರೋ ಇಲ್ಲವೋ ಹೇಳುವ ಹಾಗಿಲ್ಲ. ಎರಡು ಕಾಲೇಜಿನ ನಡುವೆ ಕಾರಿನಲ್ಲೇ ಊಟ. ಅಷ್ಟು ದುಡ್ಡಿರುವ ದೇಶದಲ್ಲೂ ಹೀಗೇ ಎಂದರೆ, ಇದು ಬರೀ ಬಡತನದ ವಿಷಯವಲ್ಲ. ಪಾಠ ಎಂದರೆ ಗಂಟೆ ಲೆಕ್ಕದ ಸಾಮಾನು ಎಂದು ನೋಡುವ ಕಣ್ಣಿನ ವಿಷಯ. ನನ್ನ ಹದಿನೈದು ಗಂಟೆಯಲ್ಲಿ ಆ ಕೆರೆ ಏರಿ ಎಲ್ಲೂ ಬರುವುದಿಲ್ಲ.

ಕಾಯಂ ಮಾಡಿ ಎಂದು ನಾವು ಕೇಳುತ್ತಲೇ ಇದ್ದೇವೆ, ಕೇಳುತ್ತಲೇ ಇರುತ್ತೇವೆ. ಅದು ಆಗುವವರೆಗೆ ಇನ್ನೊಂದು ಚಿಕ್ಕ ವಿಷಯ ಕೇಳುತ್ತೇನೆ. ಒಂದು ಬ್ಯಾಚು ಒಳಗೆ ಬಂದು ಡಿಗ್ರಿ ಮುಗಿಸಿ ಹೊರಗೆ ಹೋಗುವಷ್ಟು ಕಾಲ, ಅಂದರೆ ಮೂರು ವರ್ಷ, ನಮ್ಮನ್ನು ಒಂದೇ ಕಡೆ ಇರಲು ಬಿಡಿ. ತರಗತಿ ಶುರುವಾಗುವ ಮೊದಲ ದಿನವೇ ನಾವು ಅಲ್ಲಿ ಇರುವ ಹಾಗೆ ಮಾಡಿ. ಮೊದಲ ವರ್ಷ ಪ್ರಶ್ನೆ ಕೇಳಿದ ಹುಡುಗಿಗೆ ಮೂರನೇ ವರ್ಷ ಉತ್ತರ ಸಿಗಬಹುದು. ಎಂ.ಎ. ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಬಂದರೆ ಅವಳನ್ನು ಗುರುತು ಹಿಡಿಯುವವರು ಒಬ್ಬರಾದರೂ ಕಾಲೇಜಿನಲ್ಲಿ ಇರುತ್ತಾರೆ. ಇದಕ್ಕೆ ಹೆಚ್ಚು ದುಡ್ಡೂ ಬೇಡ.

ಆ ರಾತ್ರಿ ಹುಡುಗನಿಗೆ ಉತ್ತರ ಬರೆದೆ. 'ವೀರಗಲ್ಲೇ. ಕೆಳಗಿನ ಪಟ್ಟಿ ಮಣ್ಣಿನಲ್ಲಿದೆ, ನಾವೇ ಅಗೆಯೋದು ಬೇಡ, ಮೇಲೆ ಕಾಣೋದನ್ನ ಮಾತ್ರ ತೊಳೆದು ನೋಡೋಣ. ಭಾನುವಾರ ಹತ್ತರ ಬಸ್ಸಿಗೆ ಬರ್ತೀನಿ. ಒಂದು ಬಕೆಟ್ ನೀರು, ತೆಂಗಿನ ನಾರು ಇಟ್ಟಿರು. ಬುಕ್ಕು ನಾನು ತರ್ತೀನಿ.' ಶನಿವಾರ ಸಂಜೆ ಪೇಟೆಗೆ ಹೋಗಿ ಇನ್ನೊಂದು ಲಾಂಗ್ ನೋಟ್‌ಬುಕ್ ತಂದೆ. ನೆನಪಿನಿಂದ ಮೊದಲ ಕಲ್ಲನ್ನು ಬರೆದೆ, ಕೆರೆ ಏರಿ ಮೇಲಿನದು. ಎಷ್ಟು ಗೇಣು ಎಂಬುದು ಮಾತ್ರ ನೆನಪಾಗಲಿಲ್ಲ. ಆ ಹುಡುಗಿಯ ನಂಬರ್ ಅವನ ಹತ್ತಿರ ಇದೆಯಂತೆ.