ಎಂಟಡಿ ಪ್ಲೈವುಡ್ಡಿನಲ್ಲಿ ಹಾಯಿದೋಣಿ

ತುಮಕೂರಲ್ಲಿ ಕೂತು ಹಾಯಿದೋಣಿ ಡಿಸೈನ್ ಮಾಡೋದು ಯಾಕೆ ಅಂತ ಭಾವ ಕೇಳಿದರು. ತುಂಬಿದ ಅಮಾನಿಕೆರೆ ಮೇಲೆ ಸಂಜೆ ಬೀಸೋ ಗಾಳಿ ನೋಡಿದ್ದೀರಲ್ವಾ ಭಾವ, ಅಂದೆ.

ಪ್ಲೈವುಡ್ ಅಂಗಡಿಯಲ್ಲಿ ಸಿಗೋ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ದೋಣಿ ಅದಕ್ಕೆ ಹೊಂದಬೇಕು. 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆ ಆಪ್ಟಿಮಿಸ್ಟ್ ದೋಣಿ ಮಾಡಿದ್ದೂ ಹೀಗೇ. 1962ರ ಬ್ರಿಟನ್ನಿನ ಮಿರರ್ ದೋಣಿಯ ಉಪಾಯ ನನಗೆ ಇನ್ನೂ ಇಷ್ಟ. ಪ್ಲೈ ತುಂಡುಗಳ ಅಂಚಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿಯಲ್ಲಿ ರವಿಕೆ ಹೊಲಿದ ಹಾಗೆ ಹೊಲಿಯೋದು. ಆಮೇಲೆ ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಇಟ್ಟು ರೆಸಿನ್ ಬಳಿಯೋದು. ಮರಗೆಲಸ ಬರದವರೂ ಮಾಡಬಹುದು.

ನಮ್ಮ ಕೆರೆಗಳಲ್ಲಿ ಹೂಳು ಜಾಸ್ತಿ. ಅದಕ್ಕೇ ದೋಣಿ ಗಾಳಿಗೆ ಪಕ್ಕಕ್ಕೆ ಜಾರದ ಹಾಗೆ ತಳದಿಂದ ನೀರಿಗೆ ಇಳಿಬಿಡೋ ನಡುವಿನ ಹಲಗೆ ಮೇಲಕ್ಕೆ ಎತ್ತುವಂತಿರಬೇಕು. ಸೀಟಿನ ಕೆಳಗೆ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆ ಬೇಕೇ ಬೇಕು, ದೋಣಿ ಮಗುಚಿದರೂ ಮುಳುಗಬಾರದು. ಲೈಫ್ ಜಾಕೆಟ್ ಬೇರೆ.

ನಿನ್ನೆ ರಾತ್ರಿ ಮಗಳನ್ನು ನೆಲದ ಮೇಲೆ ಕೂರಿಸಿ, ಮೊಣಕಾಲಿಗೆ ಎಷ್ಟು ಜಾಗ ಬೇಕು ಅಂತ ಟೇಪು ಹಿಡಿದು ಅಳೆದೆ. ಒಂದು ಮನೆಯವರು ಅಷ್ಟು ಒತ್ತಾಗಿ ಕೂತು ಮೊಬೈಲ್ ಇಲ್ಲದೆ ಮಾತಾಡಿ ಎಷ್ಟು ದಿನವಾಯ್ತೋ ಅನ್ನಿಸಿತು.

ನೀರು ತಡೆಯೋ ಮೆರೈನ್ ಪ್ಲೈಗೆ (ಐಎಸ್ 710 ದರ್ಜೆಯದು) ರೇಟ್ ಕೇಳಿದ್ದೇನೆ. ಹಾಯಿ ಹೊಲಿಯೋಕೆ ಟಾರ್ಪಾಲ್ ಹೊಲಿಯೋರು ಯಾರಾದರೂ ಗೊತ್ತಿದ್ದರೆ ಹೇಳಿ.